ಅರ್ಧ ಸಹಿ ಕತ್ತರಿಸಿದ ಬೈಂಡಿಂಗ್ ಅಕ್ಕ

ಬೆಳಗಿನ ಐದೂವರೆ. ಕಾಲೇಜಿನ ಹಿಂಬದಿಯ ಓಣಿಯಲ್ಲಿ ತೆರೆದಿರುವುದು ಒಂದೇ ಬಾಗಿಲು. ಒಳಗೆ ಬೈಂಡಿಂಗ್ ಅಕ್ಕ ಹಾಳೆಗಳ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡುತ್ತಿದ್ದಾರೆ. ಒಂಬತ್ತರೊಳಗೆ ಹದಿನಾಲ್ಕು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗೆ ರಟ್ಟು ಕೂರಬೇಕು. ಕೈ ತನ್ನ ಪಾಡಿಗೆ ಓಡುತ್ತಿದೆ, ಕಣ್ಣು ಮಾತ್ರ ಪದೇ ಪದೇ ಗಡಿಯಾರದತ್ತ ಹೋಗುತ್ತದೆ. ಹತ್ತು ಗಂಟೆಗೆ ಅವರು ಬ್ಯಾಂಕಿನಲ್ಲಿರಬೇಕು. ಇದು ಎರಡನೇ ಸಲ. ಇವತ್ತು ನಾನೂ ಜೊತೆಗಿದ್ದೇನೆ.

ಮೊದಲ ಸಲದ ಕಥೆ ಕೇಳಿದರೆ ನಗು ಬರುತ್ತದೆ, ಮರುಕ್ಷಣವೇ ಅಯ್ಯೋ ಪಾಪ ಎನಿಸುತ್ತದೆ. ಮಗಳಿಗೆ ಫಾರ್ಮಸಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಶಿಕ್ಷಣ ಸಾಲಕ್ಕೆ ಅಂಕಪಟ್ಟಿ, ಪ್ರವೇಶ ಪತ್ರಗಳ ಮೂಲಪ್ರತಿ ಬೇಕಿತ್ತು. ಬಿಡಿ ಹಾಳೆ ಕಂಡರೆ ಅಕ್ಕನ ಕೈ ಸುಮ್ಮನಿರಬೇಕಲ್ಲ! ಚೆಂದ ಕಾಣಲಿ ಎಂದು ಎಲ್ಲವನ್ನೂ ಹೊಲಿದರು, ರಟ್ಟು ಹಾಕಿದರು, ಅಭ್ಯಾಸಬಲದಿಂದ ಮೂರೂ ಅಂಚನ್ನು ಯಂತ್ರದಲ್ಲಿ ಕತ್ತರಿಸಿ, ಮೇಲೆ ಬಂಗಾರದ ಬಣ್ಣದಲ್ಲಿ ಮಗಳ ಹೆಸರನ್ನೂ ಒತ್ತಿದರು. ಪ್ರವೇಶ ಪತ್ರದ ತೀರಾ ಕೆಳಗಿದ್ದ ಪ್ರಾಂಶುಪಾಲರ ಸಹಿ ಅರ್ಧ ಹಾರಿಹೋಯಿತು.

"ಇದೇನಮ್ಮಾ, ಆಲ್ಬಂ ಮಾಡ್ಕೊಂಡು ಬಂದಿದ್ದೀರಾ? ಇನ್ನರ್ಧ ಸಹಿ ಎಲ್ಲಿ?" ಎಂದರಂತೆ ಬ್ಯಾಂಕಿನ ಅಧಿಕಾರಿ.

"ಭೂಮಿ ಬಾಯಿಬಿಡಬಾರ್ದಾ ಅನ್ನಿಸ್ತು," ಎನ್ನುತ್ತಾರೆ ಅಕ್ಕ. "ಹದಿನೈದು ವರ್ಷದಲ್ಲಿ ಯಾರ ಮಕ್ಕಳದ್ದೂ ಒಂದಕ್ಷರ ಕತ್ತರಿಸಿಲ್ಲ. ನನ್ನ ಮಗಳದ್ದೇ ಹೋಗ್ಬೇಕಾ?"

ಹೊಸ ಪತ್ರಕ್ಕಾಗಿ ಐದು ದಿನ ಕಾಲೇಜಿಗೆ ಅಲೆದಿದ್ದಾರೆ. ನಿನ್ನೆ ಸಂಜೆ ಕೈಗೆ ಸಿಕ್ಕಿದೆ. ಶುಲ್ಕ ಕಟ್ಟಲು ಇನ್ನು ಒಂಬತ್ತೇ ದಿನ. ತಪ್ಪಿದರೆ ಸೀಟು ಬೇರೆಯವರ ಪಾಲು.

ಗಂಡ ತೀರಿಕೊಂಡಾಗ ಮಗಳಿಗೆ ಮೂರು ವರ್ಷ. ಅಂಗಡಿ ಮಾರಿಬಿಡು ಎಂದವರೇ ಹೆಚ್ಚು. ಅಕ್ಕ ಮಾರಲಿಲ್ಲ, ಸೂಜಿ ಹಿಡಿದರು. ಪರೀಕ್ಷೆಯ ಕಾಲದಲ್ಲಿ ದಿನಕ್ಕೆ ನಲವತ್ತು ಪುಸ್ತಕ, ಉಳಿದಂತೆ ನಾಲ್ಕೋ ಐದೋ. ಹೆಬ್ಬೆರಳು ದಡ್ಡುಗಟ್ಟಿದೆ. ಇಷ್ಟೆಲ್ಲ ದುಡಿದು ಕೂಡಿಟ್ಟದ್ದು ಮೊದಲ ವರ್ಷದ ಅರ್ಧ ಶುಲ್ಕಕ್ಕಾಗುತ್ತದೆ. ಓದು ನಾಲ್ಕು ವರ್ಷದ್ದು.

ಸಾಲವಿಲ್ಲದೆ ಓದಿಸಲು ಆಗುವುದೇ ಇಲ್ಲವೇ? ವರದಿ ಒಯ್ಯಲು ಬರುವ ಪ್ರತಿಯೊಬ್ಬರನ್ನೂ ಅಕ್ಕ ಇದನ್ನೇ ಕೇಳುತ್ತಾರೆ. ಇವತ್ತು ಮೊದಲು ಬಂದ ಹುಡುಗಿಗೂ ಅದೇ ಪ್ರಶ್ನೆ. "ಸಾಲ ಇಲ್ದಿದ್ರೆ ನಾನು ಈ ಕಾಲೇಜಿನ ಮುಖಾನೂ ನೋಡ್ತಿರ್ಲಿಲ್ಲ ಅಕ್ಕ. ಆದ್ರೆ ಕೆಲ್ಸ ಸಿಗದಿದ್ರೆ ಏನಪ್ಪಾ ಗತಿ ಅಂತ ಊಟಾನೂ ಸೇರಲ್ಲ," ಎನ್ನುತ್ತಾಳೆ ಅವಳು. ಅಕ್ಕನ ಮುಖ ಬಾಡುತ್ತದೆ. ಹೆಣ್ಣುಮಗಳಿಗೆ ಯಾಕೆ ಇಷ್ಟು ಸಾಲ ಎನ್ನುವ ನೆಂಟರೂ ಇದ್ದಾರೆ. ಅಂಥವರು ಒಂದು ಕಾಸು ಬಿಚ್ಚಿದ್ದನ್ನು ನಾನಂತೂ ಕಾಣೆ.

ಮಗಳ ವಾದವೇ ಬೇರೆ. ರಟ್ಟಿಗೆ ಅಂಟು ಸವರುತ್ತಲೇ ಹೇಳುತ್ತಾಳೆ: "ಸಾಲ ಬೇಡಮ್ಮ. ಯಾವ್ದಾದ್ರೂ ಸಂಜೆ ಕಾಲೇಜು ಸೇರ್ತೀನಿ. ಹಗಲು ನಿನ್ನ ಜೊತೆ ಹೊಲೀತೀನಿ."

"ಸುಮ್ನಿರೇ! ಸಂಜೆ ಕಾಲೇಜಲ್ಲಿ ಫಾರ್ಮಸಿ ಹೇಳ್ಕೊಡ್ತಾರಾ? ಇಲ್ಲ ತಾನೇ?"

ಮಗಳು ಮುಂದಿನ ರಟ್ಟು ಎಳೆದುಕೊಳ್ಳುತ್ತಾಳೆ.

ಹತ್ತು ಗಂಟೆಗೆ ಅಧಿಕಾರಿ ಹೊಸ ಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅರ್ಜಿ ತೆಗೆದುಕೊಳ್ಳಲು ಒಪ್ಪುತ್ತಾರೆ. "ಒಂದು ವಾರ ಕಾಯಿರಿ. ಆಗೇ ಆಗುತ್ತೆ ಅಂತ ಈಗ್ಲೇ ಹೇಳೋಕಾಗಲ್ಲ." ಜಾಮೀನುದಾರರ ಜಾಗದಲ್ಲಿ ಅಕ್ಕ ತಮ್ಮ ಹೆಸರು ಬರೆಯತೊಡಗುತ್ತಾರೆ. "ಈಗ್ಲೂ ಬೇಡ ಅನ್ನಮ್ಮ, ವಾಪಸ್ ತಗೊಳ್ಳೋಣ," ಎಂದು ಮಗಳು ಪಿಸುಗುಡುತ್ತಾಳೆ. ಅಕ್ಕ ತಲೆಯೆತ್ತದೆ ಬರೆದು ಮುಗಿಸುತ್ತಾರೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತವರನ್ನು ಭಯವಾಯಿತೇ ಎಂದು ಕೇಳಿದೆ.

"ಆಗ್ದೆ ಇರುತ್ತಾ? ಸಾಲ ಸಿಗದಿದ್ರೂ ಭಯ, ಸಿಕ್ಕಿದ್ರೂ ಭಯ." ಆಮೇಲೆ ಮಗಳಿಗೆ ಕೇಳಿಸದಂತೆ ದನಿ ತಗ್ಗಿಸುತ್ತಾರೆ. "ಆದ್ರೂ ಸಿಗ್ಲಿ. ಪುಸ್ತಕ ತೆರೆದಾಗ ಅವಳಿಗೆ ಪಾಠ ಕಾಣ್ಲಿ, ಸಾಲ ಕಾಣೋದು ಬೇಡ. ಆ ಚಿಂತೆ ನನಗಿರ್ಲಿ. ನಾನು ಕೇಳೋದು ಇಷ್ಟೇ."