ಬೇಡವೆಂದ ರುಮಾಲು

ದಾವಣಗೆರೆಯ ಕುಸ್ತಿ ಕಣದಲ್ಲಿ ಅವಳು ಒಬ್ಬಳೇ ನಿಂತಿದ್ದಳು. ಊರೂರಲ್ಲಿ ಕುಸ್ತಿಯಾಡಿಯೇ ಬದುಕುತ್ತಿದ್ದ ಹೆಣ್ಣುಮಗಳು. ಅರವತ್ತರ ದಶಕದ ಮಾತು. ಎದುರಾಳಿಯಾಗಿದ್ದ ಹರಿಹರದ ಪೈಲ್ವಾನ, ಹೆಂಗಸರ ಜೊತೆ ಆಡುವುದಿಲ್ಲವೆಂದು ಕಣಕ್ಕಿಳಿಯಲಿಲ್ಲ. ಹಾಗಾದರೆ ನಿಂತವಳೇ ಗೆದ್ದಂತೆ. ಕುಸ್ತಿ ಏರ್ಪಡಿಸಿದ್ದ ಮಂಡಿಪೇಟೆಯ ಸಾಹುಕಾರರು ಗೆದ್ದವರ ತಲೆಗೆ ಸುತ್ತುವ ರುಮಾಲು ತಂದರು. ಅವಳು ತಲೆ ಹಿಂದಕ್ಕೆಳೆದುಕೊಂಡಳು.

"ಯಾರ ಬೆನ್ನಿಗೂ ಮಣ್ಣು ಹತ್ತಿಲ್ಲ, ರುಮಾಲು ಯಾಕ್ರಿ? ನನಗೆ ಬ್ಯಾಡ. ನಾಳೆನೂ ಇಲ್ಲೇ ನಿಂತಿರ್ತೀನಿ, ಅವರನ್ನ ಕಳಸ್ರಿ."

ಹೆಂಗಸರ ಸಾಲಿನಲ್ಲಿದ್ದ ನಾನು ಮರುದಿನ ಅತ್ತೆಯನ್ನೂ ಕಾಡಿ ಕರೆದೊಯ್ದೆ. ಅವಳ ಮಾತು ಚುಚ್ಚಿತ್ತೇನೋ, ಪೈಲ್ವಾನ ಬಂದ. ಬಹಳ ಹೊತ್ತು ಸೆಣಸಿ ಅವಳು ಸೋತಳು. ಬೆನ್ನಿನ ಮಣ್ಣು ಒರೆಸಿಕೊಳ್ಳದೆ, ತಲೆಯೆತ್ತಿ ನಮ್ಮೆದುರೇ ನಡೆದುಹೋದಳು.

ರುಮಾಲು ಸುತ್ತಿಸಿಕೊಂಡವನ ಮುಖ ನನಗೆ ನೆನಪಿಲ್ಲ. ಮಣ್ಣು ಮೆತ್ತಿದ ಆ ಬೆನ್ನು ಇಂದಿಗೂ ಕಣ್ಣ ಮುಂದಿದೆ.