ಓದದೆ ಬಿಟ್ಟ ಕೊನೆಯ ಹಾಳೆ

ಇಂದು ಬೆಳಿಗ್ಗೆ ಪೂಜೆಗೆಂದು ದಾಸವಾಳದ ಪೊಟ್ಟಣ ಬಿಚ್ಚಿದಾಗ, ಸುತ್ತಿದ್ದ ಪತ್ರಿಕೆಯಲ್ಲಿ ಮಂತ್ರಿಗಳೊಬ್ಬರ ಭಾವಚಿತ್ರ ಒದ್ದೆಯಾಗಿ ನಗುತ್ತಿತ್ತು. ಹೂವನ್ನು ತಟ್ಟೆಗೆ ಸುರಿದು ಕಾಗದವನ್ನು ಒಣಗಲಿಟ್ಟೆ. ಅಕ್ಷರವಿರುವ ಯಾವುದನ್ನೂ ಎಸೆಯಲಾರದ ನನ್ನ ಈ ಗುಣಕ್ಕೆ ಮನೆಯಾಕೆ ಕೊಟ್ಟಿರುವ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಆ ನಗುವನ್ನು ನಾನು ಹತ್ತಿರದಿಂದ ಕಂಡವನು. ಒಮ್ಮೆ ಅದು ಮಾಯವಾದುದನ್ನೂ ಕಂಡವನು. ಸಹೃದಯರೇ, ನಿಮಗೂ ಬಿಡುವಿದ್ದರೆ ಕೇಳಿ.

ಅಂಕೋಲೆಯ ಕಡೆಯ ನಮ್ಮೂರ ದೇವಿಯ ಗುಡಿಯಲ್ಲಿ ಅರ್ಚಕನಾಗಿ ನನ್ನ ಆಯುಸ್ಸಿನ ಬಹುಭಾಗ ಸಂದಿದೆ. ಭಕ್ತರ ಪರವಾಗಿ ದೇವಿಯ ಮುಂದೆ ನಿಂತು ಅವರ ಬೇಡಿಕೆಯನ್ನು ಗಟ್ಟಿಯಾಗಿ ಅರಿಕೆ ಮಾಡುವುದಕ್ಕೆ ನಮ್ಮಲ್ಲಿ ಗಾರಾಣೆ ಎನ್ನುತ್ತಾರೆ. ಅದಕ್ಕೆ ಮುನ್ನ ಅರ್ಚಕನು ನೆರೆದವರತ್ತ ತಿರುಗಿ, "ಇವರ ಮೇಲೆ ಯಾರದಾದರೂ ತಕರಾರು ಉಂಟೋ?" ಎಂದು ಕೇಳಬೇಕು. ಇದ್ದರೆ, ಅದು ತೀರುವವರೆಗೆ ಗಾರಾಣೆಯಿಲ್ಲ. ಹೆಚ್ಚಾಗಿ ಬೇಲಿ ದಾಟಿದ ಎಮ್ಮೆಯ ಸುದ್ದಿಯೇ ಬರುತ್ತಿತ್ತು. ಒಮ್ಮೆ ಒಬ್ಬಾಕೆ ಸ್ವಂತ ಗಂಡನ ಗೊರಕೆಯ ಮೇಲೆ ತಕರಾರು ಹೇಳಿದ್ದಳು. ಜಗನ್ಮಾತೆ ಅದನ್ನು ಹೇಗೆ ಇತ್ಯರ್ಥಪಡಿಸಿದಳೋ ನಾನರಿಯೆ.

ಈ ಮಂತ್ರಿಗಳು ಪದವಿಗೆ ಬರುವ ಮೊದಲು ಸಿಗಡಿಯ ವ್ಯಾಪಾರಿ. ನಮ್ಮೂರ ಗಜನಿಯನ್ನು, ಎಂದರೆ ಉಪ್ಪುನೀರಿಗೆ ಒಡ್ಡು ಕಟ್ಟಿ, ನೀರು ತಡೆಯಲು ಹಲಗೆಯ ಬಾಗಿಲಿಟ್ಟು, ಕಗ್ಗವೆಂಬ ಭತ್ತ ಬೆಳೆಯುವ ತಗ್ಗು ಗದ್ದೆಗಳನ್ನು, ಅವರ ಕಂಪನಿ ಸಿಗಡಿ ಹೊಂಡಕ್ಕಾಗಿ ಗೇಣಿಗೆ ಪಡೆದಿತ್ತು. ಕರಾರುಪತ್ರವನ್ನು ರೈತರಿಗೆ ಓದಿ ಹೇಳಿದವನು ನಾನು. ಊರಿಗೆಲ್ಲ ನನ್ನದೇ ಶುದ್ಧವಾದ ಉಚ್ಚಾರವೆಂಬ ಹೆಮ್ಮೆ ಬೇರೆ. ಪತ್ರ ದೀರ್ಘವಾಗಿತ್ತು, ನೈವೇದ್ಯದ ಹೊತ್ತು ಸಮೀಪಿಸಿತ್ತು. ಕೊನೆಯ ಹಾಳೆಗೆ ಬಂದಾಗ, "ಉಳಿದದ್ದೂ ಹೀಗೆಯೇ" ಎಂದು ಎದ್ದುಬಿಟ್ಟೆ. ನನ್ನ ಮಾತಿನ ಮೇಲೆ ಹೆಬ್ಬೆಟ್ಟುಗಳು ಬಿದ್ದವು. ಗದ್ದೆ ಬಿಟ್ಟುಕೊಡುವಾಗ ಒಡ್ಡನ್ನೂ ಬಾಗಿಲನ್ನೂ ದುರಸ್ತಿ ಮಾಡುವ ಹೊಣೆ ಕಂಪನಿಯದಲ್ಲವೆಂಬ ಮಾತು ಆ ಹಾಳೆಯಲ್ಲಿತ್ತು. ಕೆಲವು ವರ್ಷಗಳಲ್ಲಿ ಸಿಗಡಿಗೆ ರೋಗ ಬಂದು, ಮುರಿದ ಬಾಗಿಲನ್ನು ಹಾಗೆಯೇ ಬಿಟ್ಟು ಕಂಪನಿ ಹೊರಟುಹೋಯಿತು. ಉಪ್ಪುನೀರು ಮಾತ್ರ ಗದ್ದೆಯಲ್ಲಿಯೇ ಉಳಿಯಿತು.

ಮಂತ್ರಿಯಾದ ಮೇಲೆ ಅವರು ಕಾರವಾರದ ಸಭೆಯೊಂದಕ್ಕೆ ಹೋಗುತ್ತ, ಬಾಳೆಗುಳಿಯ ಕೂಡುರಸ್ತೆಯಲ್ಲಿ ದಾರಿ ತಿರುಗಿಸಿ ನಮ್ಮ ಗುಡಿಗೆ ಬಂದರು. ಹಿಂದೆ ಮುಂದೆ ಪೊಲೀಸರು, ಅಂಗಳದ ತುಂಬ ವಾಹನಗಳು. ನಾನು ಹೂ ಹಿಡಿದು ನೇರವಾಗಿ ಗಾರಾಣೆಯನ್ನೇ ಆರಂಭಿಸಿದೆ. ಊರಿಗೆಲ್ಲ ಧರ್ಮಶಾಸ್ತ್ರ ಹೇಳುವ ನನ್ನ ನಾಲಿಗೆ ತಕರಾರಿನ ಆ ಒಂದು ಪ್ರಶ್ನೆಯನ್ನು ಸದ್ದಿಲ್ಲದೆ ನುಂಗಿತು.

"ಭಟ್ರೇ, ಒಂದ್ ಮಾತ್ ಕೇಳೂದ್ ಬಿಟ್ರಲ್ಲ?"

ಕಂಬದ ಬಳಿಯಿಂದ ಹಾಗೆಂದವಳು ಬೀರಮ್ಮ; ಗಜನಿಯಲ್ಲಿ ಗದ್ದೆಯಿದ್ದ ವೃದ್ಧೆ. ಬೇರೆ ದಾರಿಯಿಲ್ಲದೆ ಆ ಪ್ರಶ್ನೆಯನ್ನು ಕೇಳಿದೆ.

"ಉಂಟು, ನಂದೇ ಉಂಟು," ಎಂದು ಮುಂದೆ ಬಂದಳು. "ಗದ್ದೆ ಬಾಗ್ಲ ಮುರ್ಕಂಡ್ ಬಿದ್ದದೆ. ಕಗ್ಗ ಬಿತ್ತೂಕೆ ಆಗ್ದೆ ಎಷ್ಟ್ ಮಳೆಗಾಲ ಹೋಯ್ತು! ಅದ್ನ ಸರಿ ಮಾಡೂದು ಯಾರು?"

ಮಂತ್ರಿಗಳು ನಗುತ್ತಲೇ, "ಅಜ್ಜೀ, ಅದು ಕಂಪನಿಯ ವ್ಯವಹಾರ," ಎಂದರು.

"ಕಂಪನಿ ಚಪ್ಪಲ್ ಬಿಟ್ಟು ಒಳಗೆ ಬರ್ಲಿಲ್ಲ, ಒಡ್ಯಾ. ಬಂದದ್ದು ನೀವು."

ಹಿಂದೆ ಯಾರೋ ಕಿಸಕ್ಕೆಂದರು. ಮಂತ್ರಿಗಳ ನಗು ಮಾಯವಾದುದು ಆಗ. ನನ್ನತ್ತ ಬೆರಳು ತೋರಿಸಿ, "ಕರಾರು ಓದಿ ಹೇಳಿದ್ದು ನಿಮ್ಮ ಭಟ್ಟರೇ ಅಲ್ಲವೆ? ಅವರನ್ನು ಕೇಳಿ," ಎಂದರು.

ಮಾತು ಸುಳ್ಳಾಗಿರಲಿಲ್ಲ. ದೇವಿಯ ಕಡೆ ನೋಡುವುದು ಸುಲಭವಾಗಿತ್ತು. ಬೀರಮ್ಮನ ಕಡೆ ನೋಡುವುದೇ ಕಷ್ಟವಾಯಿತು. "ಕೊನೆಯ ಹಾಳೆಯನ್ನು ನಾನು ಓದಲಿಲ್ಲ," ಎಂದೆ. ಜೀವಮಾನದಲ್ಲಿ ಇಷ್ಟು ಚಿಕ್ಕ ವಾಕ್ಯವನ್ನು ನಾನು ದೇವಿಯ ಮುಂದೆ ನಿಂತು ನುಡಿದುದಿಲ್ಲ.

ಆಕೆ ಮಂತ್ರಿಗಳತ್ತ ತಿರುಗಿದಳು. "ಓದ್ಲಿಲ್ಲ ಅಂತ ಅವ್ರು ಒಪ್ಕಂಡ್ರು. ಬರ್ಸಿದ್ದು ನಾನೇ ಅಂತ ನೀವೂ ಒಪ್ಕಳಿ."

ಸಹಾಯಕನೊಬ್ಬ ಕಿವಿಯಲ್ಲಿ ಕಾರವಾರದ ಸಭೆಯನ್ನು ನೆನಪಿಸಿದ. "ವಿಚಾರಿಸೋಣ," ಎಂದು ಮಂತ್ರಿಗಳು ಮೆಟ್ಟಿಲಿಳಿದರು. ಅವರ ಗಾರಾಣೆ ಅರ್ಧಕ್ಕೇ ನಿಂತಿತು; ಅದನ್ನು ಮುಗಿಸೆಂದು ದೇವಿ ನನಗೆ ಈವರೆಗೆ ಪ್ರೇರಣೆ ಕೊಟ್ಟಿಲ್ಲ.

ಬೀರಮ್ಮ ಅಷ್ಟಕ್ಕೇ ಬಿಡಲಿಲ್ಲ, ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿದಳು. ಹಳೆಯ ಕರಾರಿನ ಬಗ್ಗೆ ಉತ್ತರ ಕೊಡಿರೆಂದು ಮಂತ್ರಿಗಳಿಗೂ ನೋಟಿಸು ಹೋಗಿದೆ. ನಾಳೆ ಕಾರವಾರದ ಕಚೇರಿಯಲ್ಲಿ ವಿಚಾರಣೆ. ಆ ಹಾಳೆಯನ್ನು ರೈತರಿಗೆ ಯಾರೂ ಓದಿ ಹೇಳಲಿಲ್ಲವೆಂಬುದಕ್ಕೆ, ಹೆಬ್ಬೆಟ್ಟು ಒತ್ತಿದವರನ್ನು ಬಿಟ್ಟರೆ, ಸಾಕ್ಷಿ ನಾನೊಬ್ಬನೇ. ಇಂದು ಪೂಜೆ ಮುಗಿಸಿ, ಹೇಳಿಕೆಯನ್ನು ಚೊಕ್ಕವಾಗಿ ಬರೆದು, ಜಗಲಿಯಲ್ಲಿ ಕುಳಿತ ಬೀರಮ್ಮನಿಗೆ ಮೊದಲಿನಿಂದ ಓದಿ ಹೇಳಿದೆ. "ಕಂಪನಿಯವರ ನಯವಾದ ನುಡಿಗೆ ಮರುಳಾಗಿ ನಾನೂ ವಂಚಿತನಾದೆನು" ಎಂಬ ಸಾಲಿನಲ್ಲಿ ಕೈಯೆತ್ತಿ ತಡೆದಳು.

"ಹಂಗಂದ್ರೆ ಎಂತದು?"

"ನಾನೂ ಮೋಸಹೋದೆ ಎಂದು, ಬೀರಮ್ಮಾ."

"ಅದೊಂದ್ ಹೊಡ್ದಹಾಕಿ, ಭಟ್ರೇ. ಮೋಸ ಹೋದದ್ದು ನಾವು. ನಿಮ್ಗೆ ಹೊತ್ತಾಗಿತ್ತು, ಅಷ್ಟೇ."

ಆ ಸಾಲನ್ನು ಹೊಡೆದುಹಾಕಿದೆ. ಅದರ ಮೇಲೆ "ನನಗೆ ಹೊತ್ತಾಗಿತ್ತು" ಎಂದು ಬರೆದು, ಅವಳಿಗೆ ಓದಿ ಹೇಳಿ, ಸಹಿ ಹಾಕಿದೆ.