ನೋಡದ ಕೊನೆಗೆ ಕೊಟ್ಟ ತೀರ್ಪು

ಸೌಮ್ಯ, ಆ ಸಿನಿಮಾದ ಕೊನೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡದೆಯೇ ಅದು ಸುಳ್ಳು ಎಂದು ತೀರ್ಪು ಕೊಟ್ಟೆ. ನಿನ್ನ ಮನೆಗೆ ಬರಲೆಂದು ಎದ್ದು ನಿಂತಿದ್ದ ನಿನ್ನಪ್ಪ ಆ ಮಾತು ಕೇಳಿ ಮತ್ತೆ ಕುಳಿತುಬಿಟ್ಟ.

ಇಷ್ಟನ್ನು ಮೊದಲೇ ಬರೆದುಬಿಟ್ಟೆ. ಹಿಂದೆ ಮುಂದೆ ಎಳೆದಾಡಲು ಹೊರಟರೆ ನನ್ನ ಬಾಯಿ ಎಂಥದ್ದೆಂದು ನಿನಗೆ ಗೊತ್ತು — ಕತೆ ಕಟ್ಟಿಬಿಡುತ್ತದೆ, ಕೇಳಿದವರಿಗೆ ನನ್ನ ಮೇಲೇ ಕನಿಕರ ಬರುವ ಹಾಗೆ.

ಹೋದ ಮಂಗಳವಾರ ನಿನ್ನಪ್ಪನನ್ನು ನೋಡಲು ಬಂದಿದ್ದೆನಲ್ಲ. ನಿಂಗರಾಜನಿಗೆ ಲಕ್ವಾ ಹೊಡೆದು ಮೂರು ತಿಂಗಳಾಯಿತು. ನೀನು ಹಲಗೂರಿನಿಂದ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾರೂ ಕರೆಯದೆ, ತವರಿಗೆ ಬಂದು ಮೂರು ತಿಂಗಳಾಯಿತು. ಅವನಿಗೆ ಗಂಜಿ ಕುಡಿಸಿ, ಬಾಯಂಚು ಒರೆಸಿ, ನನ್ನನ್ನು ಕಳಿಸಲು ಬಾಗಿಲತನಕ ಬಂದೆ. ಅಲ್ಲಿ ನಿಂತು ನೀನು ಕೇಳಿದೆ:

"ಆರು ವರ್ಸ ಆಯ್ತು ಮಾವ. ಒಂದ್ಸಲನಾದ್ರೂವೆ ನಮ್ಮಪ್ಪಂಗೆ ನನ್ನ ನೋಡ್ಬೇಕು ಅನ್ಸಲಿಲ್ವಾ? ನೀವು ಜೊತೇಲೇ ಇದ್ರಲ್ಲ, ನಿಮ್ತಾವ ಏನೂ ಅನ್ನಲಿಲ್ವಾ?"

ನಾನು ಬಗ್ಗಿ ಚಪ್ಪಲಿ ಮೆಟ್ಟುತ್ತಾ ಹೇಳಿದೆ: "ಮನ್ಸಲ್ಲಿರೋದ ಅವ್ನು ಯಾರ್ತಾವ ತಾನೇ ಬಾಯ್ಬುಟ್ಟವ್ನೆ ಕಣಮ್ಮ?"

ಅದು ಎರಡನೆಯ ಸುಳ್ಳು. ಅವನು ಬಾಯಿ ಬಿಟ್ಟಿದ್ದ. ನನ್ನ ಮುಂದೆಯೇ ಬಿಟ್ಟಿದ್ದ. ಮುಚ್ಚಿಸಿದವನು ನಾನು.

ನಮ್ಮ ಸಿನಿಮಾ ಹುಚ್ಚು ನಿನಗೆ ಗೊತ್ತಿರುವುದೇ. ನಾನು, ನಿನ್ನಪ್ಪ, ಆಗಿನ್ನೂ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಜವರಪ್ಪ, ಅಂಚೆ ಕಚೇರಿಯ ಶೇಷಾದ್ರಿ — ದೊಡ್ಡ ಸಿನಿಮಾ ಬಂತೆಂದರೆ ನಾಲ್ವರೂ ಮಳವಳ್ಳಿಯಿಂದ ಮಂಡ್ಯಕ್ಕೆ ಹೋಗುತ್ತಿದ್ದೆವು. ವಾಪಸ್ಸು ಮಾತ್ರ ನೇರ ಬರುತ್ತಿರಲಿಲ್ಲ. ಮದ್ದೂರಿಗೆ ಹೋಗಿ, ವಡೆ ತಿಂದು, ಅಲ್ಲಿಂದ ಮಳವಳ್ಳಿ ಬಸ್ಸು. ಇದಕ್ಕೊಂದು ಕಟ್ಟಳೆ ಇತ್ತು, ಮಾಡಿದವನು ನಿನ್ನಪ್ಪನೇ: ಟಾಕೀಸಿನ ಬಾಗಿಲು ದಾಟಿದ ಮೇಲೆ ಮದ್ದೂರಿನಲ್ಲಿ ವಡೆಯ ತಟ್ಟೆ ಮುಂದೆ ಬರುವವರೆಗೂ ಸಿನಿಮಾದ ಬಗ್ಗೆ ಯಾರೂ ತುಟಿ ಬಿಚ್ಚಬಾರದು. ಬಸ್ಸಿನಲ್ಲಿ ಮಳೆ, ಬೆಳೆ, ಇವನ ಸೊಸೆ, ಅವನ ಬೆನ್ನುನೋವು ಏನಾದರೂ ಮಾತಾಡಬಹುದು, ಸಿನಿಮಾ ಮಾತ್ರ ಇಲ್ಲ. ತಟ್ಟೆ ಬಂದ ಮೇಲೆ ಮೊದಲ ಮಾತು ನನ್ನದು. ಆಮೇಲೆ ಜಗಳ. ಕಡೆಯಲ್ಲಿ ತೀರ್ಪು, ಅದೂ ನನ್ನದೇ.

ಯಾಕೆ ನನ್ನದು? ಕತೆ ಎಲ್ಲಿ ಮುರಿಯಿತು, ಎಲ್ಲಿ ಕೂಡಿತು ಎಂದು ಹೇಳುವುದನ್ನು ನಾನು ನಮ್ಮಜ್ಜಿಯ ಮಡಿಲಲ್ಲಿ ಕಲಿತವನು. ಓದಿದ್ದು ಏಳನೇ ಕ್ಲಾಸು, ಬದುಕಿದ್ದು ಹೊಲಿಗೆ ಮಿಷನ್ನಿನ ಮುಂದೆ, ಆದರೆ ಮಾತಿಗೆ ಕೂತರೆ ಶೇಷಾದ್ರಿಯಂಥ ಓದಿದವನೂ ಕಿವಿ ಕೊಡುತ್ತಿದ್ದ. ಆ ಒಂದು ಮರ್ಯಾದೆ ನನಗೆ ಎಷ್ಟು ಬೇಕಾಗಿತ್ತು ಎಂಬುದು — ಅದು ಆ ತೀರ್ಪು ಕೊಟ್ಟ ದಿನವೇ ಗೊತ್ತಾಗಿದ್ದು.

ಮೂರು ಭಾಗದ ಆ ಪಾಳೇಗಾರನ ಸಿನಿಮಾ ನೀನೂ ನೋಡಿರಬಹುದು. ಮೊದಲ ಭಾಗದಲ್ಲಿ ಪಾಳೇಗಾರ ತಾನು ಒಲ್ಲದವನನ್ನು ಮದುವೆಯಾದ ಮಗಳನ್ನು ಕೋಟೆಯಿಂದ ಹೊರಗೆ ಹಾಕಿಸುತ್ತಾನೆ. ಎರಡನೆಯದರಲ್ಲಿ ಯುದ್ಧದ ಮೇಲೆ ಯುದ್ಧ. ಮೂರನೆಯದರಲ್ಲಿ ಎಲ್ಲ ಕಳೆದುಕೊಂಡು, ಒಂಟಿಯಾಗಿ, ಮಗಳ ಗುಡಿಸಲು ಹುಡುಕಿಕೊಂಡು ಹೊರಡುತ್ತಾನೆ. ಎರಡನೆಯ ಭಾಗ ಬಂದು ಮೂರನೆಯದಕ್ಕೆ ಕಾಯುತ್ತಿದ್ದಾಗಲೇ ನೀನು ಮೆಚ್ಚಿದವನ ಕೈ ಹಿಡಿದು ಹಲಗೂರಿಗೆ ಹೋದದ್ದು. ನಿನ್ನಪ್ಪ ನಿನ್ನ ಹೆಸರೆತ್ತುವುದನ್ನು ಬಿಟ್ಟ. ಆದರೆ ಆ ಸಿನಿಮಾದ ಮೂರನೇ ಭಾಗ ಯಾವಾಗ ಬರುತ್ತದೆಂದು ನನ್ನ ಅಂಗಡಿಗೆ ಬಂದು ಬಂದು ಕೇಳುತ್ತಿದ್ದ. ನಾನು ನಗುತ್ತಿದ್ದೆ. ಅವನು ಕಾಯುತ್ತಿದ್ದುದು ಏತಕ್ಕೆಂದು ಆಗ ನನಗೆ ಹೊಳೆಯಲಿಲ್ಲ.

ನಾಲ್ಕು ವರ್ಷದ ಹಿಂದೆ ಅದು ಬಂತು. ನೂಕುನುಗ್ಗಲು, ಟಿಕೆಟ್ಟು ಬೇರೆ ಬೇರೆ ಸಾಲಿನಲ್ಲಿ ಸಿಕ್ಕಿದವು. ನಾನು ಹಿಂದೆ, ಬಾಗಿಲ ಪಕ್ಕ. ಪಾಳೇಗಾರ ಗುಡಿಸಲಿನ ಮುಂದೆ ಬಂದು ನಿಂತ. ಕದ ತಟ್ಟಲು ಕೈ ಎತ್ತಿದ. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಯಾಕೆಂದು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ. ನನಗೊಬ್ಬಳು ಅಕ್ಕ ಇದ್ದಳು. ಅವಳೂ ನಿನ್ನ ಹಾಗೆಯೇ ಹೋದವಳು. ಒಂದು ಸಂಜೆ ತಿರುಗಿ ಬಂದು ಕದ ತಟ್ಟಿದಳು. ನಮ್ಮಪ್ಪ "ತೆಗೀಬ್ಯಾಡ" ಅಂದ. ಒಳಗಡೆ ಚಿಲಕದ ಹತ್ತಿರ ನಿಂತಿದ್ದವನು ನಾನು, ಮೀಸೆ ಬಂದ ಹುಡುಗ. ತೆಗೆಯಲಿಲ್ಲ. ಅವಳು ಎಷ್ಟು ಸಲ ತಟ್ಟಿದಳೆಂದು ಎಣಿಸಿದ್ದೇನೆ — ಅದನ್ನು ಬರೆಯಲಾರೆ. ಆಮೇಲೆ ಅವಳು ಬರಲಿಲ್ಲ, ಎಲ್ಲಿದ್ದಾಳೋ ತಿಳಿಯಲಿಲ್ಲ. ಇದನ್ನು ನೆಪ ಅಂತ ಹೇಳುತ್ತಿಲ್ಲ ಕಣಮ್ಮ. ಆವತ್ತು ಕದ ತೆಗೆಯದವನು ನಿಂಗರಾಜನ ದಾರಿಗೂ ಯಾಕೆ ಅಡ್ಡ ಬಂದ ಎಂಬುದು ನಿನಗೆ ಗೊತ್ತಿರಲಿ ಅಂತ.

ಹೊರಗೆ ಬೈಕುಗಳ ಸಾಲಿನ ಹತ್ತಿರ ನಿಂತು, ಗೇಟು ತೆಗೆದಾಗ ಗುಂಪಿನೊಳಗೆ ಸೇರಿಕೊಂಡೆ. ಯಾರಿಗೂ ಗೊತ್ತಾಗಲಿಲ್ಲ. ಮದ್ದೂರಿನವರೆಗೆ ಬಸ್ಸಿನಲ್ಲಿ ನಮ್ಮ ಕಟ್ಟಳೆಯಂತೆ ಯಾರೂ ಸಿನಿಮಾದ ಮಾತೆತ್ತಲಿಲ್ಲ. ಎತ್ತಿದ್ದರೆ ಕೊನೆ ಏನೆಂದಾದರೂ ತಿಳಿಯುತ್ತಿತ್ತು. ಜವರಪ್ಪನ ಮುಖ ನೋಡಿದೆ, ಗಂಟು ಹಾಕಿಕೊಂಡಿತ್ತು. ನಿನ್ನಪ್ಪ ಟವೆಲಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದ. ಇಷ್ಟರ ಮೇಲೆ ನಾನು ಊಹಿಸಬೇಕಿತ್ತು.

ಹೋಟೆಲಿನಲ್ಲಿ ಕೂರುವ ಮೊದಲೇ ನಿನ್ನಪ್ಪ ಗಲ್ಲಾದವನಿಗೆ "ನಾಕು ವಡೆ ಬ್ಯಾರೆ ಕಟ್ಟಪ್ಪ, ಚಟ್ನಿ ಸೆಂದಾಗಿ ಆಕು" ಅಂದದ್ದು ಕೇಳಿಸಿತು. ತಟ್ಟೆಗಳು ಬಂದವು. ಎಲ್ಲರೂ ನನ್ನ ಕಡೆ ತಿರುಗಿದರು.

"ಇವತ್ತು ನೀನೇ ಸುರು ಮಾಡ್ಲಾ ಜವರ" ಅಂದೆ.

"ಅದೆಂಗಾಯ್ತದೆ? ಮೊದಲ್ನೇ ಮಾತು ನಿಂದೇ. ಬಿರ್ರನೆ ಯೋಳು, ವಡೆ ಆರ್ತದೆ."

ಆಗ ಹೇಳಬಹುದಿತ್ತು. 'ನಾನು ನೋಡಲಿಲ್ಲ ಕಣ್ರೋ, ಎದ್ದು ಬಂದ್ಬುಟ್ಟೆ' — ಇಷ್ಟೇ. ನಕ್ಕು ನಕ್ಕು ಸುಮ್ಮನಾಗುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಕೊನೆ ಕೂಡ್ಲಿಲ್ಲ. ಸುಳ್ಳು ಅದು. ಅಂಥ ಅಪ್ಪ ಅಂಥ ಬಾಗ್ಲಿಗೆ ಓಗಕಿಲ್ಲ."

"ನಂಗೂ ಅದೇ ಸಂಕ್ಟ!" ಅಂದ ಜವರಪ್ಪ. "ಮೂರು ಭಾಗ ಕಾಯ್ಸವ್ನೆ, ಕೊನೇಗೆ ಒಂದು ಫೈಟೂ ಇಲ್ವಲ್ಲ! ಆ ಕತ್ತಿ ಎತ್ಲಾಗೋಯ್ತು? ಮುದ್ದೆ ತಿನ್ನಕೆ ಇಷ್ಟು ದೂರ ಬರ್ಬೇಕಾಗಿತ್ತಾ?"

ಶೇಷಾದ್ರಿ ತಲೆಯಾಡಿಸಿದ. "ಹಾಗಲ್ಲ ಕಣಯ್ಯ, ಮೊದಲ ಭಾಗದಲ್ಲಿ ಬಾಗಿಲು ಮುಚ್ಚಿದವನು ಅವನು. ಕೊನೆಗೆ ಅವನೇ ಬಾಗಿಲಿಗೆ ಬರಬೇಕು. ಲೆಕ್ಕ ಸರಿ ಹೋಯ್ತು. ಆದ್ರೆ ಸ್ವಲ್ಪ ಅವಸರ ಮಾಡ್ದ."

ನಿನ್ನಪ್ಪ ವಡೆ ಮುಟ್ಟಿರಲಿಲ್ಲ. "ನೀವ್ ಮೂವರೂ ಎಲ್ ನೋಡ್ತಿದ್ರಿ? ಅವ್ನು ತೆಪ್ಪಾಯ್ತು ಅಂತಾನೂ ಅನ್ನಲಿಲ್ಲ. ಅವಳು ಕೂಸಾಗಿದ್ದಾಗ ಕರೀತಿದ್ದ ಎಸ್ರು ಕರೆದ, ಅಷ್ಟೇಯ. ಅವಳು ಓಡಿ ಬಂದ್ಲು." ನನ್ನ ಕಡೆ ತಿರುಗಿದ. "ಅವಳ ಕೈ ನೋಡ್ದೇನ್ಲಾ ನೀನು? ಕೈಯಲ್ಲಿ ಏನಿತ್ತು ಯೋಳು?"

"ಕೈ ನೋಡಕೆ ನಾನೇನು ಬಳೆಗಾರ್ನಾ?" ಅಂದೆ. ಜವರಪ್ಪ ಮೇಜು ಕುಟ್ಟಿ ನಕ್ಕ. ಪಕ್ಕದ ಮೇಜಿನವರೂ ನಕ್ಕರು. ಗೆದ್ದೆ ಅಂದುಕೊಂಡೆ.

ನಿನ್ನಪ್ಪ ನಗಲಿಲ್ಲ. ಎದ್ದು ನಿಂತ. ಕಟ್ಟಿಸಿದ್ದ ವಡೆಯ ಪೊಟ್ಟಣ ಆಗಲೇ ಕೈಯಲ್ಲಿತ್ತು. "ನಾನು ಮನೆಗೆ ಓಗಕಿಲ್ಲ. ಮಳೊಳ್ಳೀಲಿ ಇಳ್ದು ಅಂಗೇ ಅಲಗೂರು ಬಸ್ ಅತ್ತೀನಿ. ಬಾಗ್ಲಲ್ಲಿ ನಿಂತ್ಕಂಡು 'ಗುಬ್ಬಚ್ಚಿ' ಅಂತೀನಿ. ಬತ್ತಾಳೋ ಬುಡ್ತಾಳೋ ಅವಳಿಷ್ಟ."

ಗುಬ್ಬಚ್ಚಿ. ನಿನ್ನನ್ನು ಹಾಗೆ ಕರೆಯುತ್ತಿದ್ದುದು ನನಗೆ ಮರೆತೇ ಹೋಗಿತ್ತು. ಗದ್ದೆ ಕೆಲಸ ಮುಗಿಸಿ, ಕಾಲಿನ ಕೆಸರೂ ಒಣಗದೆ, ಸ್ಕೂಲಿನ ಲಂಗಕ್ಕೆ ಅಳತೆ ಕೊಡಿಸಲು ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನನ್ನ ಅಂಗಡಿಗೆ ಬರುತ್ತಿದ್ದ. "ಒಳಮಡಿಕೆ ಇನ್ನೆರಡಿಂಚು ಬುಡ್ಲಾ, ನಮ್ ಗುಬ್ಬಚ್ಚಿ ಬೆಳೀತಾಳೆ."

ಅವನನ್ನು ಬಿಡಬೇಕಿತ್ತು. ಆದರೆ ಅವನು ನಿನ್ನ ಬಾಗಿಲಿಗೆ ಬಂದು, ನೀನು ಕದ ತೆಗೆದರೆ — ಆ ಕೊನೆ ನಿಜ ಎಂದಾಗುತ್ತಿತ್ತು. ಅದು ನಿಜವಾದರೆ ನಮ್ಮ ಮನೆಯ ಚಿಲಕದ ಹತ್ತಿರ ನಿಂತಿದ್ದ ನಾನು ಏನು? ಆ ಹೊತ್ತಿಗೆ ಇಷ್ಟೆಲ್ಲ ಯೋಚಿಸಿದೆನೆಂದಲ್ಲ. ಬಾಯಿಗೆ ಮಾತು ತಾನಾಗಿ ಬಂತು, ಯಾವಾಗಲೂ ಬರುವ ಹಾಗೆ:

"ಸಿನಿಮಾ ನೋಡ್ಕಂಡು ಮಗಳ ಮನೆಗೆ ಓಗೋನು ಅಪ್ಪ ಅಲ್ಲ ಕಣ್ಲಾ, ಟಿಕೀಟು ತಗಂಡ ಗಿರಾಕಿ. ನಾಳೆ ಬ್ಯಾರೆ ಸಿನಿಮಾ ನೋಡಿದ್ರೆ ತಿರ್ಗ ಬಾಗ್ಲು ಆಕ್ಕಂತೀಯ."

ಈ ಸಲ ಯಾರೂ ನಗಲಿಲ್ಲ. ಶೇಷಾದ್ರಿ "ಅಷ್ಟು ಕಟುವಾಗಿ ಯಾಕೆ..." ಅಂದು ಅರ್ಧಕ್ಕೇ ನಿಲ್ಲಿಸಿದ. ನಿನ್ನಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕುಳಿತ. "ಅದೂ ದಿಟವೇ" ಅಂದ. ಅವನಿಗೆ ನನ್ನ ತೀರ್ಪಿನ ಮೇಲೆ ಅಷ್ಟು ನಂಬಿಕೆ, ಸೌಮ್ಯ. ನಾನು ನೋಡಿಯೇ ಹೇಳುತ್ತಿದ್ದೇನೆ ಅಂದುಕೊಂಡಿದ್ದ.

ಮಳವಳ್ಳಿಯಲ್ಲಿ ಇಳಿದಾಗ ಹಲಗೂರಿನ ಬಸ್ಸು ನಿಂತೇ ಇತ್ತು. ಅರ್ಧ ಗಂಟೆಯ ದಾರಿ. ಅವನು ಅದನ್ನು ದಾಟಿಕೊಂಡು ನಡೆದು ಬಂದು ಪೊಟ್ಟಣವನ್ನು ನನ್ನ ಕೈಗಿಟ್ಟ. "ನಿಮ್ಮನೇಲಿ ತಿನ್ಕಳ್ಳಿ." ನಿನಗೆಂದು ಕಟ್ಟಿಸಿದ್ದ ವಡೆಯನ್ನು ನಾವು ತಿಂದೆವು. ಚಟ್ನಿ ಚೆನ್ನಾಗಿತ್ತು ಎಂದೂ ಹೇಳಿದೆ.

ಇನ್ನೊಂದು ನೀನು ತಿಳಿಯಬೇಕು. ಆಮೇಲಿನ ನಾಲ್ಕು ವರ್ಷ ಮುತ್ತತ್ತಿಯ ದೇವಸ್ಥಾನಕ್ಕೆ ಹೋಗುವಾಗೆಲ್ಲ ನಮ್ಮ ಬಸ್ಸು ಹಲಗೂರಿನಲ್ಲಿ ನಿಲ್ಲುತ್ತಿತ್ತು. ಕಿಟಕಿ ಪಕ್ಕದ ಸೀಟು ನಿನ್ನಪ್ಪನಿಗೇ ಬೇಕು. ನಿನ್ನ ಗಂಡನ ಬೈಕ್ ರಿಪೇರಿ ಅಂಗಡಿ ಇರುವ ಕಡೆಯದು. ಬಸ್ಸು ನಿಂತಷ್ಟು ಹೊತ್ತೂ ಕತ್ತು ಆ ಕಡೆಗೇ. ಒಂದು ಸಲ ಅಂಗಡಿಯ ಮುಂದೆ ನೀನು ಮಗುವಿಗೆ ಅನ್ನ ತಿನ್ನಿಸುತ್ತಾ ಓಡಾಡುತ್ತಿದ್ದೆ. ಬಸ್ಸು ಹೊರಟ ಮೇಲೆ ಅವನು "ನಮ್ಮವ್ವನ ಮೂಗು ಬಂದದೆ ಕೂಸಿಗೆ" ಅಂದ. ನನಗೆ ಕೇಳಿಸಿತು. ಕೇಳಿಸದವನ ಹಾಗೆ ಕೂತೆ. ಆಗಲಾದರೂ "ಇಳಿಯೋ" ಅಂದಿದ್ದರೆ...

ಅವನು ಹೇಳಬೇಕೆಂದಿದ್ದುದು ಒಂದೇ ಒಂದು ಮಾತು. ಈಗ ನೀನು ಹಗಲೆಲ್ಲ ಅವನ ಪಕ್ಕದಲ್ಲೇ ಇದ್ದೀಯ, ಅವನ ನಾಲಿಗೆ ಏಳುತ್ತಿಲ್ಲ. ನಿನ್ನನ್ನು ನೋಡಿದಾಗಲೆಲ್ಲ "ಗು... ಗು..." ಎಂದು ಏನೋ ಗುಟುರು ಹಾಕುತ್ತಾನೆಂದು, ನೀರು ಕೇಳುತ್ತಾನೇನೋ ಎಂದು ಕುಡಿಸುತ್ತೀಯೆಂದು ನೀನೇ ಹೇಳಿದೆ. ಅವನು ನೀರು ಕೇಳುತ್ತಿಲ್ಲ, ತಾಯಿ.

ಮೊನ್ನೆ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಮಿಷನ್ ನಿಲ್ಲಿಸಿ, ಫೋನಿನಲ್ಲಿ ಆ ಸಿನಿಮಾದ ಕೊನೆಯನ್ನು ನೋಡಿದೆ. ಪಾಳೇಗಾರ ಕೈ ಎತ್ತುತ್ತಾನೆ, ಆದರೆ ತಟ್ಟುವುದಿಲ್ಲ. ಕೈ ಇಳಿಸಿ ಹೆಸರು ಕರೆಯುತ್ತಾನೆ. ಅವಳು ಮುದ್ದೆ ಕಟ್ಟುತ್ತಿದ್ದವಳು ಹಾಗೇ ಎದ್ದು ಬರುತ್ತಾಳೆ. ಮೆತ್ತಿದ ಕೈಯನ್ನು ತೊಳೆಯುವುದಿಲ್ಲ, ಅದರಲ್ಲೇ ಅಪ್ಪನ ಕೆನ್ನೆ ಹಿಡಿದುಕೊಳ್ಳುತ್ತಾಳೆ. ಕೆನ್ನೆಯ ಮೇಲೆ ರಾಗಿಯ ಬೆರಳಚ್ಚು ಉಳಿಯುತ್ತದೆ. ಅಷ್ಟೇ. ಅವಳ ಕೈಯಲ್ಲಿ ಇದ್ದದ್ದು ಅದು. ನಿನ್ನಪ್ಪ ನನ್ನನ್ನು ಕೇಳಿದ್ದು ಅದನ್ನು. ಆ ಕೊನೆಯಲ್ಲಿ ಸುಳ್ಳು ಏನೂ ಇರಲಿಲ್ಲ.

ಜವರಪ್ಪ, ಶೇಷಾದ್ರಿ ಇಬ್ಬರಿಗೂ ನಿನ್ನೆ ಹೇಳಿದೆ. ಜವರಪ್ಪ "ನಂಗಲ್ಲ ಕಣ್ಲಾ ಯೋಳೋದು, ಆ ಮಗೀಗೆ ಯೋಳು" ಅಂದ. ಅದಕ್ಕೇ ಬರೆದೆ. ಬಾಯಿಂದ ಹೇಳಿದರೆ ಚೆಂದ ಮಾಡಿಬಿಡುತ್ತೇನೆಂಬ ಭಯ.

ಈ ಕಾಗದವನ್ನು ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ. ನಿನ್ನಪ್ಪನ ಹತ್ತಿರ ಕೂತು ಗಟ್ಟಿಯಾಗಿ ಓದು. ಅವನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವನು ಎದ್ದು ನಿಂತಿದ್ದನೆಂದು ನಿನಗೆ ತಿಳಿಯಲಿ, ನಾನು ನೋಡದೆ ಹೇಳಿದೆನೆಂದು ಅವನಿಗೆ ತಿಳಿಯಲಿ. ಆಮೇಲೆ ಅವನು "ಗು..." ಅಂದಾಗ, ನೀರಿನ ಲೋಟಕ್ಕೆ ಕೈ ಹಾಕಬೇಡ. ಓಗೊಡು.

ಓದುವಷ್ಟು ಹೊತ್ತು ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ. ಓದಿ ಮುಗಿಸಿ ನೀನು ಕದ ಹಾಕಿಕೊಂಡರೆ ತಟ್ಟುವುದಿಲ್ಲ. ಬೈಯಬೇಕೆನಿಸಿದರೆ ಹೊರಗೆ ಬಾ. ಏನೇ ಆಗಲಿ, ಈ ಸಲ ನಡುವೆ ಎದ್ದು ಹೋಗುವುದಿಲ್ಲ.